ಮೀನುಪೇಟೆಯಲ್ಲಿ ನನ್ನ ನಡತೆಯ ವಿಚಾರಣೆ

ಕಾನೂನು ಪದವಿ ಪಾಸಾದರೆ ವಕೀಲರಾದಂತೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಎಲ್ಲರೂ ಎಂದರೆ ನಾನು ಮತ್ತು ನನ್ನ ತಾಯಿ, ಅಷ್ಟೇ. ಕಾರವಾರದ ಕಾಲೇಜಿನಿಂದ ಫಲಿತಾಂಶ ಬಂದ ದಿನ ಆಯಿ ಅಂಕೋಲೆಯ ಮೀನುಪೇಟೆಯಲ್ಲಿ ಬಂಗಡೆಯ ಬುಟ್ಟಿಯ ಪಕ್ಕದಲ್ಲೇ ಪೇಡೆಯ ಡಬ್ಬಿ ಇಟ್ಟುಕೊಂಡು ಕೂತಳು. ಮೀನು ಕೊಂಡವರಿಗೂ ಪೇಡೆ, ಬರೀ ರೇಟು ಕೇಳಿ ಹೋದವರಿಗೂ ಪೇಡೆ. ಮಧ್ಯಾಹ್ನದೊಳಗೆ ಹಳೆಯ ಗಿರಾಕಿಯೊಬ್ಬರು ಮೀನಿನ ಚೀಲ ಹಿಡಿದುಕೊಂಡೇ ತಮ್ಮ ಬೇಲಿ ತಂಟೆಯನ್ನು ನನಗೆ ಒಪ್ಪಿಸಿಬಿಟ್ಟರು. ನಾನಿನ್ನೂ ವಕೀಲೆ ಅಲ್ಲ ಎಂದೆ. ಅಷ್ಟರಲ್ಲಿ ಪೇಡೆ ಅವರ ಬಾಯಿಗೆ ಹೋಗಿ ಆಗಿತ್ತು, ಮಾತು ಹಿಂದೆ ತೆಗೆದುಕೊಳ್ಳುವುದು ಅವರಿಗೂ ಸಾಧ್ಯವಿರಲಿಲ್ಲ.

"ಪಾಸಾದ ಮೇಲೆ ಇನ್ನೆಂತಾ ಉಳದದೆ?" ಎಂದು ಆಯಿ ಕೇಳಿದಳು.

ಉಳಿದದ್ದನ್ನು ಹೇಳಿದೆ. ಬೆಂಗಳೂರಿನಲ್ಲಿರುವ ವಕೀಲರ ಪರಿಷತ್ತಿಗೆ ಅರ್ಜಿ ಹಾಕಬೇಕು. ನಾನು ಒಳ್ಳೆಯವಳೆಂದು ಇಬ್ಬರು ವಕೀಲರು ಬರೆದುಕೊಡಬೇಕು. ಅದು ಹೌದೋ ಅಲ್ಲವೋ ಎಂದು ಪೊಲೀಸರು ಬಂದು ನೋಡಬೇಕು. ಬೇರೆ ಉದ್ಯೋಗ, ವ್ಯಾಪಾರ ಯಾವುದೂ ಇಲ್ಲವೆಂದು ನಾನು ಪ್ರಮಾಣ ಮಾಡಬೇಕು. ಇಷ್ಟಾಗಿ ವಕೀಲಿಯ ಸನ್ನದು ಸಿಕ್ಕ ಮೇಲೆ ಇಡೀ ದೇಶಕ್ಕೆ ಒಂದೇ ಆದ ಇನ್ನೊಂದು ಪರೀಕ್ಷೆ ಬರೆಯಬೇಕು.

"ಅಯ್ಯೋ, ಹೆಣ್ಣು ನೋಡೂಕೆ ಬಂದವ್ರೂ ಇಷ್ಟೆಲ್ಲ ಕೇಳೂದಿಲ್ಲ," ಎಂದಳು.

ಎರಡು ನಡತೆಯ ಪತ್ರಗಳಲ್ಲಿ ಒಂದಕ್ಕಾಗಿ ಕಾರವಾರದ ಹಿರಿಯ ವಕೀಲರೊಬ್ಬರ ಬಳಿ ಹೋದೆ. ರವಿವಾರಗಳಂದು ಅವರು ನಮ್ಮ ಗಿರಾಕಿ. ಚೌಕಾಶಿಯಲ್ಲಿ ಎಷ್ಟೋ ಸಲ ನನ್ನ ಕೈಯಲ್ಲಿ ಸೋತವರು. ಆದರೂ ದೊಡ್ಡ ಮನಸ್ಸು ಮಾಡಿ ಸಹಿ ಹಾಕಿದರು. ಪೆನ್ನು ಮುಚ್ಚುವಾಗ, "ತಂಗೀ, ಇನ್ನು ನೀನು ತಕ್ಕಡಿ ಮುಟ್ಟೂ ಹಾಂಗಿಲ್ಲ. ಯಾರಾದ್ರೂ ಒಂದು ತಕರಾರು ಅರ್ಜಿ ಹಾಕಿದ್ರೆ ನಿನ್ನ ಕತೆ ಮುಗೀತು," ಎಂದರು.

ತಕ್ಕಡಿ ಬಿಡುವುದೇನೂ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಜಾಗದ್ದು. ಮೀನುಪೇಟೆಯಲ್ಲಿ ನಾವು ಕೂರುವ ಜಾಗಕ್ಕೆ ಕಾಗದಪತ್ರ ಎಂಬುದಿಲ್ಲ. ಅಜ್ಜಿ ಕೂತಲ್ಲಿ ಆಯಿ ಕೂತಳು, ಆಯಿ ಕೂತಲ್ಲಿ ನಾನು ಕೂರಬೇಕು. ಮುಂದೆ ಕೂರಲು ಮಗಳೋ ಸೊಸೆಯೋ ಇಲ್ಲವೆಂದು ಗೊತ್ತಾದರೆ ಪಕ್ಕದವಳ ಬುಟ್ಟಿ ತಾನಾಗಿ ಇತ್ತ ಸರಿಯುತ್ತದೆ. ನಮ್ಮ ಪಕ್ಕದವಳನ್ನು ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಸಂಬಂಧದಲ್ಲಿ ಅವಳು ನಮಗೇನೂ ಆಗಬೇಕಿಲ್ಲ, ಜಗಳದಲ್ಲಿ ಮಾತ್ರ ತೀರಾ ಹತ್ತಿರದವಳು. ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗೆ ಇಳಿಯುವ ಹೊತ್ತಿಗೆ ಅವಳ ಬುಟ್ಟಿ ನಮ್ಮ ಕಡೆ ಗೇಣುದ್ದ ಬಂದೇ ಇರುತ್ತಿತ್ತು. ಆಯಿಗೆ ಮೊಣಕಾಲು ನೋವು, ಬೆಳಿಗ್ಗೆ ಬೇಗ ಏಳಲು ಆಗುವುದಿಲ್ಲ. ನಮ್ಮೂರು ಬೇಲೆಕೇರಿಯಿಂದ ಮುಂಚೆ ಬಂದು ಜಾಗ ಹಿಡಿಯುವವಳು ನಾನೇ. ನಾನು ಬರದಿದ್ದರೆ ಆಯಿಯ ಜಾಗ ಹೋಗುತ್ತದೆ, ಬಂದರೆ ನನ್ನ ಸನ್ನದು ಹೋಗುತ್ತದೆ.

ಕೊನೆಗೆ ಕಾನೂನು ಓದಿದವರಿಗೆ ಮಾತ್ರ ಹೊಳೆಯುವಂಥ ಒಂದು ದಾರಿ ಹೊಳೆಯಿತು. ವ್ಯಾಪಾರ ಮಾಡುವುದು ತಪ್ಪು, ಸುಮ್ಮನೆ ಕೂರುವುದು ತಪ್ಪಲ್ಲ. ಆಯಿ ಬರುವ ತನಕ ಬುಟ್ಟಿಯ ಮೇಲೆ ಗೋಣಿ ಮುಚ್ಚಿ ಕೂತೆ.

"ಬಂಗಡೆ ಹ್ಯಾಂಗೆ ಇವತ್ತು?" ಎಂದು ಶಾಲೆಯ ಅಕ್ಕೋರೊಬ್ಬರು ಕೇಳಿದರು.

"ನಾ ರೇಟು ಹೇಳೂ ಹಾಂಗಿಲ್ಲ ಅಕ್ಕೋರೇ."

"ತಾಜಾ ಇದ್ಯೋ ಇಲ್ವೋ, ಅದನ್ನಾರೂ ಹೇಳು."

"ಅದೂ ವ್ಯಾಪಾರದ ಮಾತೇ ಆಗ್ತದೆ."

ಅಕ್ಕೋರು ಮಾವಶಿಯ ಕಡೆ ತಿರುಗಿದರು. ಅವರ ಹಿಂದೆಯೇ ಬೇಲಿ ತಂಟೆಯ ಗಿರಾಕಿ ಬಂದು, ಮೀನು ಬೇಡ, ಒಂದು ಸಲಹೆ ಕೊಟ್ಟರೆ ಸಾಕು ಎಂದರು. ಸನ್ನದು ಇಲ್ಲದೆ ಅದನ್ನೂ ಕೊಡುವಂತಿರಲಿಲ್ಲ. ಮೀನನ್ನೂ ಮಾರದ, ಕಾನೂನನ್ನೂ ಹೇಳದ ಈ ಹೆಂಗಸು ಇಲ್ಲಿ ಯಾಕೆ ಕೂತಿದ್ದಾಳೆ ಎಂದು ಪೇಟೆಗೆ ಪೇಟೆಯೇ ನೋಡತೊಡಗಿತು.

"ವಕೀಲ್ರು ಬಾಯಿ ಮುಚ್ಕಂಡು ಕೂತದ್ದು ನಾ ಕಂಡದ್ದು ಇದೇ ಮೊದ್ಲು," ಎಂದಳು ಮಾವಶಿ, ನಮ್ಮ ಅಕ್ಕೋರಿಗೆ ಚಿಲ್ಲರೆ ಕೊಡುತ್ತಾ. ನನಗೆ ಮೈಯೆಲ್ಲ ಉರಿಯಿತು. ತಕ್ಕ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಡತೆಯ ವಿಚಾರಣೆ ಇನ್ನೂ ಬಾಕಿ ಇತ್ತು, ನುಂಗಿಕೊಂಡೆ.

ಆ ವಿಚಾರಣೆ ಮನೆಗೆ ಬರಲಿಲ್ಲ, ನೇರವಾಗಿ ಪೇಟೆಗೇ ಬಂತು. ಮನೆಗೆ ಬೀಗ ಕಂಡ ಪೊಲೀಸಿನವರಿಗೆ ಬೇಲೆಕೇರಿಯಲ್ಲಿ ಯಾರೋ ನಮ್ಮ ಜಾಗದ ಗುರುತು ಹೇಳಿ ಕಳಿಸಿದ್ದರು. ಆಯಿ ಆಗಷ್ಟೇ ಬಂದು ಗೋಣಿ ತೆಗೆದಿದ್ದಳು. ಮಗಳ ನಡತೆ ಕೇಳಲು ಬಂದದ್ದು ಎಂದು ತಿಳಿದದ್ದೇ ಅವಳ ಮುಖ ಅರಳಿತು.

"ಎಂಟ್ನೇ ಕ್ಲಾಸಿಂದ ಇಲ್ಲೇ ಕೂತದ್ದು ಸಾಹೇಬ್ರೆ! ನಂಗಿಂತ ಚಲೋ ಮಾರ್ತದೆ. ಇವತ್ತಿನವರೆಗೂ ಒಬ್ರಿಗೂ ಹಾಳಾದ ಮೀನು ಕೊಡ್ಲಿಲ್ಲ. ಬೇಕಾರೆ ಯಾರ ಹತ್ರನಾದ್ರೂ ಕೇಳಿ."

ಆಯಿಯ ಲೆಕ್ಕದಲ್ಲಿ ನಡತೆ ಎಂದರೆ ಅದೇ, ಅದಕ್ಕಿಂತ ದೊಡ್ಡ ಪ್ರಶಂಸೆ ಅವಳ ಬಳಿ ಇರಲಿಲ್ಲ. ಸಾಹೇಬರು 'ವೃತ್ತಿ' ಎಂಬಲ್ಲಿ 'ಮೀನು ವ್ಯಾಪಾರ' ಎಂದು ಬರೆಯಲು ಹೊರಟರು. ನಾನು ಹಾರಿಬಿದ್ದು, ಅದು ಹಿಂದಿನ ಮಾತು, ಈಗ ನಾನು ಏನನ್ನೂ ಮಾರುವುದಿಲ್ಲ ಎಂದೆ.

"ಮತ್ತೆ ಇಲ್ಲಿ ಯಾಕೆ ಕೂತಿದ್ರಿ?"

"ಜಾಗ ಕಾಯೂಕೆ."

"ಯಾರ ಜಾಗ?"

ನನ್ನದು ಎಂದರೆ ನಾನು ವ್ಯಾಪಾರಿ. ನನ್ನದಲ್ಲ ಎಂದರೆ, ಆಯಿಯ ನಂತರ ಕೂರುವವರಿಲ್ಲ ಎಂದು ಇಡೀ ಪೇಟೆ ಕೇಳಿಸಿಕೊಳ್ಳುತ್ತದೆ. ಅಷ್ಟರಲ್ಲಿ ಮಾವಶಿ ಎದ್ದು ನಿಂತಳು.

"ಅವ್ಳಿಗೆ ಇಲ್ಲಿ ಜಾಗವೂ ಇಲ್ಲ, ವ್ಯಾಪಾರವೂ ಇಲ್ಲ ಸಾಹೇಬ್ರೆ! ಬರ್ಕಣಿ, ನಾ ಸೈ ಹಾಕ್ತೆ."

ಅವಳ ಒಂದೊಂದು ಮಾತೂ ನನ್ನ ಸನ್ನದಿನ ಪರವಾಗಿತ್ತು, ಆಯಿಯ ಜಾಗದ ವಿರುದ್ಧವಾಗಿತ್ತು. ಇಂಥ ಸಾಕ್ಷಿಗೆ ಪಾಟೀಸವಾಲು ಹಾಕುವುದು ಹೇಗೆಂದು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ. ಬಿಸಿಲು ಏರುತ್ತಿತ್ತು, ಸಾಹೇಬರಿಗೆ ಅವಸರವಾಗಿತ್ತು. ಅವರು ಆಯಿಯನ್ನೇ ಕೇಳಿದರು: "ನೀವೇ ಹೇಳ್ರಿ. ಮಗಳದ್ದು ಇಲ್ಲಿ ಜಾಗ ಇದೆಯೋ ಇಲ್ವೋ?"

ಆಯಿ ನನ್ನ ಮುಖ ನೋಡಿದಳು. ತಾನು ಹೊಗಳಿದ್ದೇ ನನಗೆ ಮುಳುವಾಗಿದೆ ಎಂಬುದು ಅವಳಿಗೆ ಆಗ ತಿಳಿದಿರಬೇಕು. ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಇಲ್ಲ ಸಾಹೇಬ್ರೆ. ಜಾಗ ನಂದು. ನನ್ನ ಕಾಲಕ್ಕೇ ಮುಗೀತು. ಅವ್ಳಿಗೆ ಇಲ್ಲಿ ಜಾಗ ಇಲ್ಲ." ಆಮೇಲೆ ಮಾವಶಿಯ ಕಡೆ ತಿರುಗಿ, "ನನ್ನ ನಂತ್ರ ನೀನೇ ತಕೋ," ಎಂದಳು.

ನನಗೆ ಬೇಕಾದದ್ದು ಅದೇ ಮಾತು. ಆದರೂ ಅದನ್ನು ಅವಳ ಬಾಯಲ್ಲಿ ಕೇಳಿದಾಗ ಅಳು ಬಂತು. ಇಷ್ಟು ವರ್ಷ ಆ ಜಾಗಕ್ಕೇ ಜಗಳವಾಡಿದ ಮಾವಶಿ ಸಂತೋಷಪಡಬೇಕಿತ್ತು. ಅವಳು ಕೆಂಡವಾದಳು.

"ಯಾರಿಗೆ ಬೇಕು ನಿನ್ನ ಜಾಗ! ಬೆಳಿಗ್ಗೆ ಬೆಳಿಗ್ಗೆ ಸಾಯೂ ಮಾತು ಆಡೂದು! ನೀ ಎಲ್ಲಿಗೂ ಹೋಗೂದಿಲ್ಲ, ಕೂತ್ಕೋ ಮಾರಾಯ್ತಿ!" ಎಂದು ಬೈದು ತನ್ನ ಬುಟ್ಟಿಯನ್ನು ಗೇಣುದ್ದ ಹಿಂದೆ ಎಳೆದುಕೊಂಡಳು. ಮುಂದಿನ ವಾರ ಅದು ಮತ್ತೆ ಮುಂದೆ ಬಂದಿತ್ತು, ಆ ಮಾತು ಬೇರೆ.

ಸನ್ನದು ಸಿಕ್ಕಿತು. ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆಯೂ ಪಾಸಾಯಿತು. ಅಂಕೋಲೆಯ ಕೋರ್ಟಿನಲ್ಲಿ ಮೊದಲ ಸಲ ಎದ್ದು ನಿಂತು ಕೇಸು ಮುಂದೂಡಲು ಒಂದು ಮುದ್ದತು ಕೇಳಿದ ದಿನ, ಮಧ್ಯಾಹ್ನ ಕರಿ ಕೋಟಿನಲ್ಲೇ ಪೇಟೆಗೆ ಹೋದೆ. ಕಾಲು ರೂಢಿಯ ಮೇಲೆ ನಡೆಯಿತು. ಕೋಟನ್ನು ಒಟ್ಟು ಮಾಡಿ ಹಿಡಿದುಕೊಂಡು ಆಯಿಯ ಪಕ್ಕದಲ್ಲಿ ಕೂರಲು ಹೊರಟೆ.

"ಹೇ, ಈ ಬದಿಗೆ ಬರ್ಬೇಡ," ಎಂದಳು ಆಯಿ. "ಅಲ್ಲಿ ನಿಲ್ಲು. ಗಿರಾಕಿಗಳು ನಿಲ್ಲೂ ಬದಿಗೆ."

ನಿಂತೆ. ಅಲ್ಲಿಂದ ಆಯಿಯನ್ನು ನಾನು ಯಾವತ್ತೂ ನೋಡಿರಲಿಲ್ಲ, ಅವಳು ಬಹಳ ಸಣ್ಣಗೆ ಕಂಡಳು.

"ಎಂತಾ ಬೇಕು ವಕೀಲ್ರೇ?"

ಬಂಗಡೆ ಎಂದೆ. ಅವಳು ಹೇಳಿದ ರೇಟು ಜಾಸ್ತಿಯಿತ್ತು. ಅದು ಜಾಸ್ತಿಯೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಆದರೂ ಚೌಕಾಶಿ ಮಾಡಿದೆ. ಆಯಿ ಒಂದು ರೂಪಾಯಿಯನ್ನೂ ಇಳಿಸಲಿಲ್ಲ.