ಎರ್ಸೀಲಿಯಾಳ ಕಿಟಕಿ, ಒನೋರೀನಾಳ ಖಾಲಿ ಕೋಣೆ

ಇಟಲಿಯ ನಮ್ಮೂರು ಮೊಂತೆಸ್ಪಿನಾಕ್ಕೆ ಉಳಿದುಕೊಳ್ಳಲು ಬರುವವರು ಯಾರೇ ಆಗಲಿ, ಕಾರನ್ನು ಕೋಟೆಬಾಗಿಲ ಹೊರಗೆ ನಿಲ್ಲಿಸಿ, ಚಕ್ರದ ಪೆಟ್ಟಿಗೆಯನ್ನು ಕಲ್ಲುಹಾಸಿನ ಮೇಲೆ ಗಡಗಡ ಎಳೆದುಕೊಂಡು ಎರ್ಸೀಲಿಯಾಳ ಕಿಟಕಿಯ ಕೆಳಗೇ ಹಾದು ಬರಬೇಕು. ಆ ಸದ್ದು ಕೇಳಿದ್ದೇ ತಡ, ಒಲೆಯ ಮೇಲೆ ಏನಿದ್ದರೂ ಬಿಟ್ಟು ಅವಳು ಕಿಟಕಿಗೆ ಓಡುತ್ತಿದ್ದಳು.

"ಅಯ್ಯೋ ಪಾಪ, ಎಷ್ಟು ಸುಸ್ತಾಗಿದೀರ! ಬನ್ನಿ, ಕಾಫಿ ಕುಡಿದು ಹೋಗಿ."

ಅವಳ ಕಾಫಿ ಕುಡಿದು, ಅವಳ ಕಣ್ಣೆದುರೇ ಬೇರೆ ಮನೆಯಲ್ಲಿ ಕೋಣೆ ಹಿಡಿಯುವ ಧೈರ್ಯ ಈವರೆಗೆ ಯಾರಿಗೂ ಬಂದಿರಲಿಲ್ಲ.

ಚೌಕದ ಆಚೆ, ಕಾರಂಜಿಯ ಹಿಂದಿನ ಮನೆಯಲ್ಲೂ ಒಂದು ಬಾಡಿಗೆ ಕೋಣೆಯಿತ್ತು. ಅದು ಅವಳ ನಾದಿನಿ ಒನೋರೀನಾಳದು. "ಕೂಗಿ ಮಾರೋದು ಮೀನನ್ನ, ಮನೇನಲ್ಲ" ಎಂದು ಒನೋರೀನಾ ಮೂತಿ ತಿರುವುತ್ತಿದ್ದಳು. ಹಾಗಾಗಿ ಅವಳ ಕೋಣೆಯ ಹಾಸಿಗೆಗೆ ಹಾಕಿದ ಬಟ್ಟೆ ಹಾಕಿದಂತೆಯೇ ಇರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಎರ್ಸೀಲಿಯಾಳ ಹೊಟ್ಟೆ ತಣ್ಣಗಾಗುತ್ತಿತ್ತು.

ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಎರ್ಸೀಲಿಯಾಳ ಗಂಡ ಗ್ವೆರೀನೊ ತೀರಿಕೊಂಡ ಮೇಲಿನ ಮೊದಲ ಕ್ರಿಸ್‌ಮಸ್ ಊಟ. ನೆಂಟರೆಲ್ಲ ಕೂತಿದ್ದರು. ಎರ್ಸೀಲಿಯಾ ಹಿಂದಿನ ದಿನದಿಂದಲೇ ಕೋಳಿ ಸಾರು ಕುದಿಸಿದ್ದಳು. ಒನೋರೀನಾ ಒಂದು ಚಮಚ ಬಾಯಿಗಿಟ್ಟು, ಎಲ್ಲರಿಗೂ ಕೇಳುವಂತೆ ನಿಟ್ಟುಸಿರು ಬಿಟ್ಟಳು. "ಉಪ್ಪೇ ಇಲ್ಲ. ಪಾಪ, ನಮ್ಮಣ್ಣ ಜೀವಮಾನವೆಲ್ಲ ಇದನ್ನೇ ಕುಡಿದನಾ!" ಅಷ್ಟೇ. ನಮ್ಮೂರಲ್ಲಿ ಜಮೀನಿಗಾಗಿ ಹೊಡೆದಾಡಿದವರು ಮಾರನೆಯ ದಿನ ಒಟ್ಟಿಗೆ ಕೂತು ಇಸ್ಪೀಟಾಡುತ್ತಾರೆ, ಸಾರಿನ ವಿಷಯದಲ್ಲಿ ಮಾತ್ರ ಕ್ಷಮೆಯಿಲ್ಲ.

ಮಾತಿಲ್ಲ ಎಂದರೆ ಸಂಬಂಧವಿಲ್ಲ ಅಂತಲ್ಲ ಮತ್ತೆ! ಒನೋರೀನಾ ಎಷ್ಟು ಹೊತ್ತಿಗೆ ಎದ್ದಳು, ಯಾವ ಲಂಗ ಒಣಹಾಕಿದಳು, ಔಷಧಿ ಅಂಗಡಿಯಿಂದ ಏನು ತಂದಳು, ಎಲ್ಲವೂ ಎರ್ಸೀಲಿಯಾಗೆ ಗೊತ್ತು. ಅಲ್ಲಿಂದಲೂ ಅಷ್ಟೇ ನಿಗಾ. ಒಮ್ಮೆ ಜ್ವರ ಬಂದು ಎರ್ಸೀಲಿಯಾ ಕಿಟಕಿ ತೆರೆಯುವುದು ತಡವಾಯಿತು. ತೆರೆದು ನೋಡಿದರೆ ಒನೋರೀನಾ ಕಾರಂಜಿಯ ಹತ್ತಿರ ನಿಂತಿದ್ದಾಳೆ, ಬಿಂದಿಗೆ ತುಂಬಿ ನೀರು ಕಾಲ ಮೇಲೆ ಹರಿಯುತ್ತಿದೆ, ಕಣ್ಣು ಮಾತ್ರ ಈ ಕಿಟಕಿಯ ಮೇಲೆ. ಕದ ತೆರೆದದ್ದು ಕಂಡ ಕೂಡಲೇ ಮೂಗು ಮುರಿದು ಒಳಗೆ ಹೋದಳು.

ಹೀಗಿರುವಾಗ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಬ್ರೆಡ್ಡಿನಂಗಡಿಯ ನಜಾರೇನೊ ಸುದ್ದಿ ಹೇಳಿದ.

"ನಿನಗಿನ್ನು ಹಬ್ಬ ಕಣಮ್ಮ. ನಿನ್ನ ನಾದಿನಿ ಊರು ಬಿಡ್ತಾಳಂತೆ. ದ್ರಾಕ್ಷಿ ಕೊಯ್ಲಿನೊಳಗೆ ಒಬ್ಬ ಅತಿಥೀನೂ ಬರ್ಲಿಲ್ಲ ಅಂದ್ರೆ, ಮನೆಗೆ ಬೀಗ ಜಡಿದು ತೆರ್ನಿ ಪಟ್ಟಣದಲ್ಲಿರೋ ಮಗಳ ಹತ್ರ ಹೋಗೋದು ಅಂತ ಮಾತಾಗಿದೆ."

"ಹೋಗ್ಲಿ ಬಿಡು, ಪೀಡೆ ತೊಲಗಿತು" ಎಂದಳು ಎರ್ಸೀಲಿಯಾ. ಬ್ರೆಡ್ಡನ್ನು ಅಲ್ಲೇ ಮರೆತು ಮನೆಗೆ ಬಂದಳು.

ಕಿಟಕಿಯಲ್ಲಿ ಕೂತರೆ ಮನಸ್ಸು ನಿಲ್ಲಲಿಲ್ಲ. ಚೌಕದ ಸುತ್ತಲಿನ ಮನೆಗಳೆಲ್ಲ ರೋಮಿನವರ ಪಾಲಾಗಿ ಆಗಸ್ಟಿನಲ್ಲಿ ಮಾತ್ರ ಬಾಗಿಲು ತೆರೆಯುತ್ತಿದ್ದವು. ಉಳಿದದ್ದು ಎದುರಿನ ಆ ಒಂದು ಕಿಟಕಿ. ಅದೂ ಮುಚ್ಚಿದರೆ ಅವಳು ನೋಡುವುದಾದರೂ ಯಾರನ್ನು? ಹೊಸ ಲಂಗ ಹಾಕಿಕೊಂಡರೆ ಹೊಟ್ಟೆ ಉರಿದುಕೊಳ್ಳುವವರು ಯಾರು? ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಅಷ್ಟರಲ್ಲಿ ಕೆಳಗೆ ಗಡಗಡ ಸದ್ದು. ಮಿಲಾನಿನ ಹೆಂಗಸು, ಹೆಸರು ಲುದೊವೀಕಾ. ಬೇಕೆಂದೇ ಹರಿದಂತೆ ಹೊಲಿಸಿದ ದುಬಾರಿ ಪ್ಯಾಂಟು. ಈಕೆಯಾದರೂ ಎದುರುಮನೆಗೆ ಹೋಗಲಿ ಎಂದು ಎರ್ಸೀಲಿಯಾ ಇವತ್ತು ಕಾಫಿಯ ಮಾತೆತ್ತಲಿಲ್ಲ. ಆದರೆ ಆಕೆಯೇ ನಿಂತು ಮೇಲೆ ನೋಡಿದಳು.

"ಕೋಣೆ ಇದೆಯಾ ಅಮ್ಮ?"

"ಇದೆ, ಆದ್ರೆ ನಿಮಗೆ ಆಗಲ್ಲ. ಇಲಿ ಕಾಟ."

"ಇಲಿ!" ಲುದೊವೀಕಾ ಕೈ ಜೋಡಿಸಿದಳು. "ಹಳೇ ಮನೆ ಅಂದ್ರೆ ಇದು!" ಎಂದು ಮೆಟ್ಟಿಲು ಹತ್ತಿಯೇ ಬಿಟ್ಟಳು.

"ಬಿಸಿನೀರು ಬರೋದು ದೇವರು ಮನಸ್ಸು ಮಾಡಿದ್ರೆ."

"ಆಹಾ, ನೆಮ್ಮದಿ."

"ಚರ್ಚಿನ ಗಂಟೆ ತಲೆ ಮೇಲೇ ಹೊಡೆಯುತ್ತೆ, ನಿದ್ದೆ ಬರಲ್ಲ."

"ನಿದ್ದೆ ಯಾರಿಗೆ ಬೇಕಮ್ಮ? ಮಿಲಾನಲ್ಲಿ ಮಲಗ್ತಾನೇ ಇರ್ತೀವಿ. ನನಗೆ ಬೇಕಾಗಿರೋದು ನಿಜವಾದ ಬದುಕು."

ಎರ್ಸೀಲಿಯಾ ತಲೆ ಚಚ್ಚಿಕೊಂಡಳು. ಬಿರುಕು ತೋರಿಸಿದರೆ ಆಕೆ ಫೋಟೋ ತೆಗೆದಳು. ಮಾವ ಸತ್ತ ಮಂಚ ಇದು ಎಂದರೆ ಅದರ ಮೇಲೆಯೇ ಕೂತಳು. ಎಂಥ ಜನವಪ್ಪಾ! ನಮ್ಮಜ್ಜಂದಿರು ಯಾವುದರಿಂದ ತಪ್ಪಿಸಿಕೊಳ್ಳಲು ಅಮೆರಿಕದ ಹಡಗು ಹತ್ತಿದ್ದರೋ, ಅದನ್ನೇ ಹುಡುಕಿಕೊಂಡು ಇವರು ರಜೆ ಹಾಕಿ ಬರುತ್ತಾರೆ.

ಎರ್ಸೀಲಿಯಾಗೆ ರೋಸಿಹೋಯಿತು. ತನ್ನ ಮನೆ ಪಾಳುಗುಡಿಸಲು ಎಂದು ಹೊಗಳಿಸಿಕೊಂಡು ಎಷ್ಟು ಹೊತ್ತು ಸುಮ್ಮನಿರುವುದು? ಸೊಂಟದಿಂದ ಬೀಗದ ಕೈ ತೆಗೆದು ನಡುಮನೆಯ ಬಾಗಿಲು ತೆರೆದಳು. ಪಾದ್ರಿ ಬಂದಾಗ, ಇಲ್ಲವೇ ಮನೆಯಲ್ಲಿ ಹೆಣ ಇದ್ದಾಗ ಮಾತ್ರ ನಾವು ತೆರೆಯುವ ಕೋಣೆ ಅದು. ಗ್ವೆರೀನೊ ಕೊನೆಯ ಬಾರಿ ಮಲಗಿದ್ದು ಅಲ್ಲಿಯೇ. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾ, ಮಿರಮಿರ ಮಿಂಚುವ ಬೀರು, ಗೋಡೆಯಗಲದ ಟಿವಿ, ಎಂದೂ ಯಾರೂ ಕಾಫಿ ಕುಡಿಯದ ಚಿನ್ನದಂಚಿನ ಬಟ್ಟಲುಗಳು.

"ನೋಡಿ, ನಮ್ಮನೇಲೂ ಒಳ್ಳೇದಿದೆ!"

ಲುದೊವೀಕಾಳ ಮುಖ ಸಪ್ಪಗಾಯಿತು. ಫೋನು ಚೀಲ ಸೇರಿತು. "ಚೆನ್ನಾಗಿದೆ..." ಎಂದು ತೊದಲಿದಳು. "ಮಿಲಾನಲ್ಲಿ ನಮ್ಮತ್ತೆ ಮನೇನೂ ಹೀಗೇ ಇದೆ." ಒಂದು ಹೆಜ್ಜೆ ಹಿಂದೆ ಸರಿದು ಕೇಳಿದಳು, "ಎದುರುಮನೇಲಿ ಕೋಣೆ ಇದೆಯಾ?"

ಎರ್ಸೀಲಿಯಾಳ ಎದೆಗೆ ಚುಚ್ಚಿದಂತಾಯಿತು. ಗಂಡ ಹೆಂಡತಿ ಇಬ್ಬರೂ ತಂಬಾಕಿನ ಹೊಲದಲ್ಲಿ ಬೆನ್ನು ಬಗ್ಗಿಸಿ ಕೊಂಡ ಸೋಫಾ ಅದು. ಆದರೂ ಗುಟ್ಟು ಈಗ ಕೈಗೆ ಸಿಕ್ಕಿತ್ತು: ಹಳಿದಷ್ಟೂ ಈಕೆಗೆ ಇಷ್ಟ. ನಾದಿನಿಯ ಒಳ್ಳೆಯದಕ್ಕಾಗಿಯೇ ನಾದಿನಿಯನ್ನು ಬಾಯ್ತುಂಬ ಬೈಯುವ ಭಾಗ್ಯ ಯಾರಿಗುಂಟು!

"ಅಲ್ಲಿಗಾ? ಬೇಡಮ್ಮ, ಬೇಡ" ಎಂದು ಶುರುಮಾಡಿದಳು. "ಸೂರು ಸೋರುತ್ತೆ. ಕೆಳಗಡೆ ಕೋಳಿಗೂಡು, ನಾತ ಮೂಗಿಗೆ ಹೊಡೆಯುತ್ತೆ. ಬಚ್ಚಲು ಅವಳಜ್ಜಿ ಕಾಲದ್ದು. ಅವಳೋ, ಮಹಾ ಜಗಳಗಂಟಿ! ಅಡುಗೆ ಚೆನ್ನಾಗಿಲ್ಲ ಅಂದ್ರೆ ತಟ್ಟೆ ಕಿತ್ಕೋತಾಳೆ."

ಲುದೊವೀಕಾಳ ಕಣ್ಣು ಅರಳಿತು. ಪೆಟ್ಟಿಗೆ ಗಡಗಡ ಎನ್ನುತ್ತ ಚೌಕ ದಾಟಿತು.

ಎರ್ಸೀಲಿಯಾ ಕಿಟಕಿಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಳು. ಎದುರಿನ ಬಾಗಿಲು ತೆರೆಯಿತು, ಮಾತಾಯಿತು, ಪೆಟ್ಟಿಗೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಕೋಣೆಯ ಕಿಟಕಿ ಧಡಾರನೆ ತೆರೆದು ಒನೋರೀನಾ ಕಾಣಿಸಿಕೊಂಡಳು. ಸೊಂಟದ ಮೇಲೆ ಕೈ, ಮುಖ ಕೆಂಪು.

"ಏನೇ ಅತ್ತಿಗೆ! ನಮ್ಮ ಬಚ್ಚಲು ಅಜ್ಜಿ ಕಾಲದ್ದಾ? ನಾನು ಜಗಳಗಂಟಿನಾ?"

ಇಷ್ಟು ವರ್ಷದ ಮೇಲೆ ಆ ದನಿ ಎರ್ಸೀಲಿಯಾಳನ್ನೇ ಕರೆದಿತ್ತು. ಅವಳು ಮರೆಯಿಂದ ಈಚೆ ಬಂದಳು. "ಹೂಂ ಕಣೇ! ಸುಳ್ಳು ಹೇಳಿದ್ನಾ?" ಎಂದು ಕೂಗಿದಳು.

ಒನೋರೀನಾ ಮುಚ್ಚಿದ ಮನೆಗಳ ಕಡೆಗೊಮ್ಮೆ ನೋಡಿದಳು. ಆಮೇಲೆ ಕಿಟಕಿಯಿಂದ ಇನ್ನಷ್ಟು ಬಗ್ಗಿದಳು.

"ಬಂದವಳಿಗೆ ರಾತ್ರಿಗೆ ಸಾರು ಮಾಡ್ಬೇಕು. ನಮ್ಮನೇಲಿ ಉಪ್ಪು ಖಾಲಿ. ನಿಮ್ಮನೇದು ತಗೊಂಡು ಬಾ. ಹೇಗೂ ನೀನು ಹಾಕಲ್ವಲ್ಲ!"

ಎರ್ಸೀಲಿಯಾ ಮನೆಯಲ್ಲಿದ್ದ ಉಪ್ಪನ್ನೆಲ್ಲ ಡಬ್ಬಿ ಸಮೇತ ಎತ್ತಿಕೊಂಡು, ನಡುಮನೆಯ ಬಾಗಿಲು ಹಾಕುವುದನ್ನೂ ಮರೆತು ಕೆಳಗಿಳಿದಳು.