ಹಾಲಕ್ಕನ ಒಂಟಿ ಕಾಲುಚೀಲ

ಅವಧಿಗೆ ಮೊದಲೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಆ ನರ್ಸಮ್ಮನಿಗೆ ಎಲ್ಲರೂ ಇಟ್ಟ ಹೆಸರು ಹಾಲಕ್ಕ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ತಾಯಂದಿರಿಂದ ಮೊದಲ ಹಾಲು ತೆಗೆಸುವುದು ಅವಳ ಕಸುಬು. ಸಾಮಾನೂ ಹೆಚ್ಚಿಲ್ಲ: ಪೆನ್ನಿನ ಮುಚ್ಚಳದಷ್ಟು ಸಿರಿಂಜು, ಜೇಬಿನಲ್ಲಿ ಒಗೆದು ಮಡಿಸಿದ ಪುಟ್ಟ ಕಾಲುಚೀಲ. ಅದೂ ಒಂದೇ.

ಆ ಬೆಳಿಗ್ಗೆ ಒಂದು ಕಿಲೋ ನೂರು ಗ್ರಾಮ್ ತೂಕದ ಹೆಣ್ಣುಕೂಸೊಂದು ಗಾಜಿನ ಪೆಟ್ಟಿಗೆ ಸೇರಿತ್ತು. ಕೂಸಿನ ಅಜ್ಜಿ, ಅಂದರೆ ಬಾಣಂತಿಯ ಅತ್ತೆ, ಮನೆಯಿಂದ ದೊಡ್ಡ ತಂಬಿಗೆಯನ್ನೇ ಹೊತ್ತು ತಂದಿದ್ದಳು.

"ಹಾಲಿಗೆ ಇದು ಸಾಕಾಗುತ್ತಾ ಸಿಸ್ಟರ್?"

"ಧಾರಾಳ ಅಮ್ಮಾ. ಮೊಮ್ಮಗಳಿಗೆ ಇದರಲ್ಲೇ ಸ್ನಾನವೂ ಮಾಡಿಸಬಹುದು."

ಬಾಣಂತಿ ಮಾತ್ರ ನಗಲಿಲ್ಲ. ಕಾಲು ಗಂಟೆ ಎದೆಹಾಲು ತೆಗೆಯುವ ಪಂಪು ಹಿಡಿದು ಕೂತರೂ ಬಾಟಲಿಯ ತಳದಲ್ಲಿ ಎರಡೇ ಹನಿ. "ನನ್ನಲ್ಲಿ ಏನೂ ಇಲ್ಲ ಅಕ್ಕಾ. ನನ್ನ ಕೈಲಾಗಲ್ಲ, ಬಿಟ್ಬಿಡ್ತೀನಿ," ಎಂದು ಕಣ್ಣು ತುಂಬಿಕೊಂಡಳು.

ಅತ್ತೆ ಶುಚಿಗೆ ಹೆಸರಾದವಳು. ಖಾಲಿ ಬಾಟಲಿ ಎಂದುಕೊಂಡು ತೊಳೆಯಲು ನಲ್ಲಿಯ ಕಡೆ ಹೊರಟೇಬಿಟ್ಟಳು.

"ಅಮ್ಮಾ! ನಲ್ಲಿ ತಿರುಗಿಸ್ಬೇಡಿ!" ಹಾಲಕ್ಕ ಓಡಿಹೋಗಿ ಬಾಟಲಿ ಕಸಿದುಕೊಂಡಳು. ಸಿರಿಂಜಿನ ತುದಿಯಿಂದ ಆ ಎರಡು ಹನಿಯನ್ನು ಹೀರಿ ಎತ್ತಿ ಹಿಡಿದಳು. "ಇದು ಮೊದಲ ಹಾಲು, ಚಿನ್ನದಂಥದ್ದು. ನಿಮ್ಮ ಮೊಮ್ಮಗಳ ಹೊಟ್ಟೆ ಗೋಲಿಗಿಂತ ದೊಡ್ಡದೇನಲ್ಲ. ನೀವು ತಂಬಿಗೆ ಲೆಕ್ಕ ಹಾಕಿದ್ರೆ ಹೇಗೆ?"

ಬಾಣಂತಿಯನ್ನು ಗಾಲಿಕುರ್ಚಿಯಲ್ಲಿ ಪೆಟ್ಟಿಗೆಯ ಬಳಿಗೆ ಕರೆದೊಯ್ದು, ಹನಿಗಳನ್ನು ಕೂಸಿನ ಕೆನ್ನೆಯ ಒಳಬದಿಗೆ ಸವರಿದಳು. ಕೂಸು ತುಟಿ ಚಪ್ಪರಿಸಿತು.

"ನೋಡು, ಗಿರಾಕಿ ಒಪ್ಪಿದ್ಲು. ಇನ್ನು ನೀನು ಅಂಗಡಿ ಮುಚ್ಚೋ ಹಾಗಿಲ್ಲ."

ಬಾಣಂತಿ ಅಳುತ್ತಲೇ ನಕ್ಕಳು. ಮುಂದಿನ ಸರದಿಗೆ ಹಾಲಕ್ಕ ಮೊದಲು ಕೈಯಿಂದ ಮೆಲ್ಲಗೆ ಒತ್ತಿ ತೆಗೆಯುವುದನ್ನು ಕಲಿಸಿದಳು. ಆಮೇಲೆ ಪಂಪಿನ ಬಾಟಲಿಗೆ ಕಾಲುಚೀಲ ತೊಡಿಸಿದಳು.

"ಬಾಟಲಿಗೆ ಚಳಿನಾ ಅಕ್ಕಾ?"

"ನಿನ್ನ ಕಣ್ಣಿಗೆ ಪರದೆ ಕಣಮ್ಮಾ. ಒಲೆ ಮೇಲಿನ ಹಾಲು ನೋಡ್ತಾ ನಿಂತ್ರೆ ಉಕ್ಕಲ್ಲ. ಆ ಕಡೆ ತಿರುಗಿದ್ಯೋ, ಒಲೆಯೆಲ್ಲ ಹಾಲು! ಬಾಟಲಿ ಬಿಟ್ಟು ಮಗಳ ಫೋಟೋ ನೋಡು."

ಎರಡು-ಮೂರು ಗಂಟೆಗೊಮ್ಮೆ ಇದೇ ಪಾಠ. ನಾಲ್ಕನೆಯ ದಿನ ಚೀಲ ಕಳಚಿದಾಗ ಬಾಟಲಿಯ ಕಾಲು ಭಾಗ ತುಂಬಿತ್ತು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ನಲ್ಲಿಯಿಂದ ಆದಷ್ಟು ದೂರ ನಡೆದಳು.

"ಅಕ್ಕಾ, ಈ ಚೀಲದ ಜೋಡಿ ಎಲ್ಲಿ?" ಎಂದಳು ಬಾಣಂತಿ.

"ಕಳೆದುಹೋಯ್ತು. ನನ್ನ ಮಗಳದು. ಅವಳೂ ಇಂಥ ಪೆಟ್ಟಿಗೆಯಲ್ಲೇ ಮಲಗಿದ್ಲು." ಹಾಲಕ್ಕ ಚೀಲ ಮಡಿಸಿ ಜೇಬಿಗೆ ಸೇರಿಸಿದಳು. "ಈಗ ನನಗಿಂತ ಎತ್ತರ ಬೆಳೆದಿದ್ದಾಳೆ, ಅವಳ ದೊಡ್ಡ ಕಾಲಿನ ಅಳತೆಗೆ ಊರಲ್ಲೆಲ್ಲೂ ಚಪ್ಪಲಿ ಸಿಗಲ್ಲ."