ಊರು ಉಣ್ಣದ ಮದುವೆ

ಮೊನ್ನೆ ಬಾಗಲಕೋಟೆಯಲ್ಲಿ ಕೈಮಗ್ಗದ ಸೀರೆಗಳನ್ನು ಮಾರಾಟಕ್ಕಿಟ್ಟಿದ್ದಾರೆಂದು ಸೊಸೆ ನನ್ನನ್ನು ಕರೆದುಕೊಂಡು ಹೋದಳು. ಅವಳು ಬಣ್ಣ, ಅಂಚು, ಸೆರಗು ನೋಡುತ್ತಿದ್ದರೆ ನಾನು ಒಂದು ಸೀರೆಯ ಮಡಿಕೆ ಬಿಚ್ಚಿ ಮೂಗಿಗೆ ಹಿಡಿದೆ. ಮಾರಾಟಕ್ಕೆ ಕುಳಿತಿದ್ದ ಹೆಂಗಸು, "ಆಯಿ, ಇದು ಹೂವಲ್ಲರೀ, ಸೀರಿ" ಎಂದಳು. ಸುತ್ತಲಿನವರು ನಕ್ಕರು, ನಾನೂ ನಕ್ಕೆ. ಮುದುಕಿಯಾಗುವುದರಲ್ಲಿ ಇದೊಂದು ಅನುಕೂಲ ಉಂಟು ನೋಡಿ, ಏನು ಮಾಡಿದರೂ ಜನ ನಕ್ಕು ಬಿಟ್ಟುಬಿಡುತ್ತಾರೆ. ಆದರೆ ಗಂಜಿ ಕುಡಿದ ಹೊಸ ನೂಲಿಗೆ ಒಂದು ವಾಸನೆ ಇರುತ್ತದೆ. ನೇಕಾರರ ಊರಿನಲ್ಲಿ ಹುಟ್ಟಿದವರಾಗಿದ್ದರೆ ನೀವೂ ಬಲ್ಲಿರಿ. ನನಗೆ ಆ ವಾಸನೆ ಬಂದರೆ ಇಂದಿಗೂ ಸೆರಗಿನಿಂದ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ನನ್ನ ತವರು ಬನಹಟ್ಟಿ. ರಾಜರ ಆಡಳಿತ ಹೋಗಿ ಮುಂಬಯಿ ಸರ್ಕಾರ ಬಂದಿದ್ದ ಹೊಸತು. ಧಾನ್ಯದಂತೆ ನೂಲಿಗೂ ಆಗ ಕಂಟ್ರೋಲು. ಸರ್ಕಾರ ಗೊತ್ತು ಮಾಡಿದ ಅಂಗಡಿಯಲ್ಲಿ, ಗೊತ್ತು ಮಾಡಿದ ದರದಲ್ಲಿ, ಮಗ್ಗಕ್ಕೆ ಇಷ್ಟು ಎಂದು ನೂಲು ಕೊಡಬೇಕು. ಆ ಪರವಾನಗಿ ನಮ್ಮ ಅಪ್ಪನ ಹತ್ತಿರ ಇತ್ತು. ಅಪ್ಪ ದಿನಾ ಸ್ನಾನ, ಲಿಂಗಪೂಜೆ ಮಾಡದೆ ನೀರು ಮುಟ್ಟುತ್ತಿರಲಿಲ್ಲ. ಮಕ್ಕಳ ಮೇಲೆ ಕೈ ಮಾಡಿದವರಲ್ಲ. ಹೀಗೆ ಹೇಳುತ್ತ ಹೋದರೆ ನಾನು ಅವರ ಪರ ವಕಾಲತ್ತು ಮಾಡುತ್ತಿದ್ದೇನೆಂದು ನಿಮಗೆ ಅನಿಸಬಹುದು. ಹೌದು, ಬಹಳ ವರ್ಷ ಅದನ್ನೇ ಮಾಡಿಕೊಂಡು ಬಂದವಳು ನಾನು.

ಮುಧೋಳದ ಗಂಡಿನ ಜೊತೆ ನನ್ನ ಮದುವೆ ಗೊತ್ತಾದ ವರ್ಷ ಅಂಗಡಿಯಲ್ಲಿ ನೂಲು ಇರಲಿಲ್ಲ. ನೇಕಾರರು ಬಂದು ಕೇಳಿದರೆ ಅಪ್ಪ ಎರಡೂ ಕೈ ಮೇಲೆತ್ತಿ, "ಮ್ಯಾಲಿಂದ ಮಾಲ ಬಂದಿಲ್ಲಪಾ, ನಾ ಏನ ಮಾಡ್ಲಿ?" ಎನ್ನುತ್ತಿದ್ದರು. ಮಾಲು ಬಂದಿತ್ತು. ಅದು ನಮ್ಮ ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಸೂರು ಮುಟ್ಟುವ ಹಾಗೆ ಒಟ್ಟಿತ್ತು. ಅದರ ಮುಂದೆಯೇ ನನ್ನ ಮದುವೆಯ ಟ್ರಂಕು, ಹೊಸ ಹಾಸಿಗೆ, ತಾಮ್ರದ ಹಂಡೆ ಇಟ್ಟಿದ್ದರು. ನಾನೆಂಥ ಜಾಣೆ ಅಂದರೆ, ಆ ಗಂಟುಗಳೆಲ್ಲವೂ ನನ್ನ ಬಳುವಳಿ ಎಂದೇ ತಿಳಿದಿದ್ದೆ! "ಇಷ್ಟು ನೂಲು ಒಯ್ದು ಮುಧೋಳದಾಗ ನಾ ಏನ ಮಾಡ್ಲೆವ್ವಾ?" ಎಂದು ಅವ್ವನನ್ನು ಕೇಳಿದ್ದೆ. ಅವ್ವ ನಗಲಿಲ್ಲ. "ಬಾಯಿ ಮುಚ್ಚ" ಎಂದಳು. ಆ ನೂಲು ದರ ಏರಿದಾಗ ಸೊಲ್ಲಾಪುರದ ಕಡೆಗೆ ಕಾಳಸಂತೆಗೆ ಹೋಗುವುದೆಂದು ಅವಳಿಗೆ ಗೊತ್ತಿತ್ತು.

ನಮ್ಮ ಮನೆಯ ಹಿಂದೆಯೇ ನೇಕಾರರ ಓಣಿ. ಹುಟ್ಟಿದಾಗಿನಿಂದ ನಾನು ಮಗ್ಗಗಳ ಸದ್ದಿನಲ್ಲಿ ಮಲಗಿ, ಆ ಸದ್ದಿನಲ್ಲೇ ಎದ್ದವಳು. ಅದು ಒಂದೊಂದಾಗಿ ನಿಂತುಹೋಯಿತು. ಕೊನೆಗೆ ಓಣಿಗೆಲ್ಲ ಒಂದೇ ಮಗ್ಗ ಉಳಿಯಿತು, ನೀಲವ್ವನದು. ಅವಳ ಮಗ್ಗದಲ್ಲಿ ನನ್ನ ಧಾರೆಯ ಸೀರೆ ಇತ್ತು. ಅದಕ್ಕೆ ಬೇಕಾದ ನೂಲನ್ನು ಅಪ್ಪ ಮೊದಲೇ ಕೊಟ್ಟಿದ್ದರು.

ನೀಲವ್ವ ಎಂದರೆ ಚಿಕ್ಕಂದಿನಲ್ಲಿ ನನ್ನ ತಲೆ ಬಾಚಿ ಹೆರಳು ಹಾಕುತ್ತಿದ್ದವಳು. ಗಂಡ ತೀರಿಹೋದ ಮೇಲೆ ಅವನ ಕುಣಿಮಗ್ಗಕ್ಕೆ ತಾನೇ ಇಳಿದು ನೇಯುತ್ತಿದ್ದಳು. ಓಣಿಯವರು, "ಎಲ್ಲಾರ ಮಗ್ಗ ನಿಂತಾವ, ನೀ ಅವನ ಮಗಳ ಸೀರಿ ನೇಯ್ತಿ ಏನ ಬೇ?" ಎಂದು ಅವಳನ್ನು ಚುಚ್ಚಿದರಂತೆ. "ಹೆಣ್ಣಹುಡಿಗಿ ಸೀರಿ ಅರ್ಧಕ್ಕ ಕೊಯ್ಯಬಾರದವ್ವ. ಮುಗಿಸಿ ಕೊಟ್ಟ ಬರ್ತೀನಿ, ಆಮ್ಯಾಲ ನಾನೂ ನಿಮ್ಮ ಜೋಡಿ" ಎಂದಳಂತೆ ಇವಳು. ಮುಗಿಸಿ ತಂದುಕೊಟ್ಟಳು. ಆ ದಿನದಿಂದ ಓಣಿಯಲ್ಲಿ ಯಾವ ಸದ್ದೂ ಇಲ್ಲ. ನಾನು ಮಾತ್ರ ಸೀರೆ ಮೈಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದೆ.

ನೇಕಾರರು ಸುಮ್ಮನಿದ್ದರು ಎಂದಲ್ಲ. ಜಮಖಂಡಿಗೆ ನಡೆದುಕೊಂಡು ಹೋಗಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದಿದ್ದರು. ಅಲ್ಲಿಂದ ಒಬ್ಬ ಸಾಹೇಬರು ಬಂದರು. ಖಾಲಿ ಅಂಗಡಿ ನೋಡಿದರು, ನಮ್ಮ ಕಟ್ಟೆಯ ಮೇಲೆ ಕುಳಿತು ಕೇಸರಿ ಹಾಕಿದ ಹಾಲು ಕುಡಿದರು, ಹೋದರು. ಹಾಲಿನ ಲೋಟ ಒಯ್ದು ಕೊಟ್ಟವಳು ನಾನೇ. ಬಾಗಿಲಾಚೆ ನಿಂತಿದ್ದ ಮಂದಿ ನನ್ನ ಕೈಯನ್ನೇ ನೋಡುತ್ತಿದ್ದರು.

ಮದುವೆಗೆ ಊರಿಗೆಲ್ಲ ಊಟ ಹಾಕಬೇಕೆಂದು ಅಪ್ಪನ ಹಟ. ನಮ್ಮ ಕಡೆ ಎಲೆ ಅಡಿಕೆ ಕೊಟ್ಟು ಕರೆಯುವುದು ಪದ್ಧತಿ. ಮನೆ ಮನೆಗೆ ಹೋಗಿ ಕೊಟ್ಟು ಬಂದದ್ದಾಯಿತು. ಮದುವೆಯ ಹಿಂದಿನ ದಿನ, ಹಂದರಕ್ಕೆ ತಳಿರು ಕಟ್ಟುವ ಹೊತ್ತಿಗೆ, ನೀಲವ್ವ ಬಂದಳು. ಅರಿಷಿಣ ಹಚ್ಚಲು ಬಂದಳೆಂದು ನಾನು ಎದ್ದು ನಿಂತೆ. ಅವಳು ಒಳಗೆ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ, ನಾವು ಕೊಟ್ಟಿದ್ದ ಅಡಿಕೆಯನ್ನು ಹೊಸ್ತಿಲ ಹೊರಗಿನ ಕಟ್ಟೆಯ ಮೇಲಿಟ್ಟು, ಕೈ ಮುಗಿದು ಹೋದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಒಬ್ಬರೂ ಬೈಯಲಿಲ್ಲ, ಘೋಷಣೆ ಕೂಗಲಿಲ್ಲ. ಓಣಿಯ ಹೆಂಗಸರೆಲ್ಲ ಬಂದು ಅಡಿಕೆ ಇಟ್ಟು ಹೋದರು. ಎಲೆ ಬಾಡಿದ್ದವು, ಅವನ್ನೂ ಜೋಪಾನವಾಗಿ ತಂದಿದ್ದರು.

ಅಪ್ಪ ಹೊರಗೆ ಬಂದು ನೋಡಿ, "ಹಸದಾಗ ತಾವ ಬರ್ತಾರ. ಹುಗ್ಗಿ ವಾಸನಿ ಬಂದ್ರ ಯಾರ ತಡೀತಾರ?" ಎಂದರು. ಆ ಮಾತು ಕೇಳಿ ಅವ್ವ ಒಳಗೆ ಹೋದಳು. ನನಗೋ, ಸತ್ಯ ಹೇಳಿಬಿಡುತ್ತೇನೆ, ಅಳು ಬಂದದ್ದು ಅವರ ಹಸಿವೆಗೆ ಅಲ್ಲ. ನನ್ನ ಮದುವೆ ಕೆಡಿಸಿದರಲ್ಲ ಎಂದು ಬಂದಿತ್ತು.

ಮುಧೋಳದಿಂದ ಗಂಡಿನ ಕಡೆಯವರು ಚಕ್ಕಡಿ ಕಟ್ಟಿಕೊಂಡು ಬಂದರು. ತಲೆಯ ಮೇಲೆ ಅಕ್ಕಿಕಾಳು ಬಿದ್ದು ಮದುವೆಯಾಯಿತು. ಊಟದ ಹೊತ್ತಾಯಿತು. ಹಂದರದ ತುಂಬ ಪತ್ರಾವಳಿ ಹಾಕಿದ್ದರು, ಕೊಪ್ಪರಿಗೆಗಳಲ್ಲಿ ಗೋದಿ ಹುಗ್ಗಿ ಕುದಿದು ಇಳಿದಿತ್ತು, ತುಪ್ಪ ಬಡಿಸುವವರು ಗಿಂಡಿ ಹಿಡಿದು ನಿಂತಿದ್ದರು. ನೇಕಾರರು ಬಾರದ ಮನೆಗೆ ಊರಿನ ಉಳಿದವರೂ ಬಂದಿರಲಿಲ್ಲ, ಎಲೆಯ ಮುಂದೆ ಯಾರೂ ಇಲ್ಲ. ಬೀಸಿದ ಗಾಳಿಗೆ ಪತ್ರಾವಳಿಗಳು ಹಾರಿ ಒಂದರ ಮೇಲೊಂದು ಬೀಳುತ್ತಿದ್ದವು. ಬಾಸಿಂಗ ಕಟ್ಟಿಕೊಂಡು ಕುಳಿತ ನಾನು ತಲೆ ಎತ್ತುವ ಹಾಗಿರಲಿಲ್ಲ. ಮದುಮಗಳು ತಲೆ ತಗ್ಗಿಸಬೇಕು ಎಂಬ ಪದ್ಧತಿ ಅವತ್ತು ನನ್ನ ಮಾನ ಕಾಯಿತು.

ನನ್ನ ಗಂಡನ ಅಜ್ಜ ಹಿರಿಯರು, ರೈತಾಪಿ ಮನುಷ್ಯ, ಮಾತು ಕಡಿಮೆ. ಅವರು ಹಂದರವನ್ನೊಮ್ಮೆ ನೋಡಿ ಅಪ್ಪನನ್ನು ಕೇಳಿದರು.

"ಬೀಗರ, ಊರ ಮಂದಿ ಎಲ್ಲೆ?"

"ಸುಗ್ಗಿ ದಿನಾ ಅಲ್ಲರೀ ಅಜ್ಜಾರ, ಹೊಲಕ್ಕ ಹೋಗ್ಯಾರ."

"ನೇಕಾರ್ರಿಗೆ ಎಲ್ಲಿ ಸುಗ್ಗಿ, ಬೀಗರ?"

ಗಂಡಸರ ಎದುರಿಗೆ ಎಂದೂ ದನಿ ಎತ್ತದಿದ್ದ ಅವ್ವ ಆಗ ಬಾಗಿಲ ಮರೆಯಿಂದ ಮಾತಾಡಿದಳು. "ನೂಲು ಒಳಗೈತ್ರಿ. ಮಂದಿ ಮಗ್ಗ ನಿಂತಾವು. ಅದಕ್ಕ ಯಾರೂ ಬಂದಿಲ್ರಿ." ಹೇಳಿ, ಸೊಂಟಕ್ಕೆ ಸಿಕ್ಕಿಸಿದ್ದ ಕೋಣೆಯ ಕೀಲಿಕೈ ತೆಗೆದು ಹೊಸ್ತಿಲ ಮೇಲಿಟ್ಟಳು.

ಅಜ್ಜ ಅಪ್ಪನ ಕಡೆ ತಿರುಗಿ, "ಹುಡಿಗಿ ನಮ್ಮಾಕಿ ಆದ್ಲು, ಕರಕೊಂಡ ಹೋಗ್ತೀವಿ. ಅದರಾಗ ಎರಡ ಮಾತಿಲ್ಲ. ಖರೆ, ಊರ ಉಣ್ಣದ ಹಂದರದಾಗ ನಾವು ನೀರ ಸೈತ ಕುಡ್ಯಾಂಗಿಲ್ಲ" ಎಂದರು. ಅವರು ಕೂಗಿ ಹೇಳಿದ್ದರೆ ಅಪ್ಪನೂ ಕೂಗುತ್ತಿದ್ದರೇನೋ. ಮೆಲ್ಲಗೆ ಹೇಳಿದ್ದಕ್ಕೆ ಅಪ್ಪ ಬಗ್ಗಿ ಕೀಲಿಕೈ ತೆಗೆದುಕೊಂಡರು.

ನನ್ನ ಟ್ರಂಕು, ಹಂಡೆ, ಹಾಸಿಗೆಗಳನ್ನು ಸರಿಸಿ ನೂಲಿನ ಗಂಟುಗಳನ್ನು ಹೊರಗೆ ತಂದರು. ಹುಗ್ಗಿ ಬಡಿಸಬೇಕಾಗಿದ್ದ ಹಂದರದಲ್ಲಿ ನೂಲು ಬಂದು ಕುಳಿತಿತು. ಓಣಿಗೆ ಸುದ್ದಿ ಹೋಯಿತು, ಮಂದಿ ಬಂದರು. ನೂಕಾಟವಿಲ್ಲ, ಗದ್ದಲವಿಲ್ಲ. ಸರ್ಕಾರದ ದರ ಕೊಟ್ಟು, ತಮ್ಮ ಪಾಲಿನ ನೂಲು ಎತ್ತಿಕೊಂಡು, ಅಪ್ಪನ ಮುಖ ನೋಡದೆ ಹೋದರು. ದುಡ್ಡಿಲ್ಲದವರ ಪಾಲಿಗೆ ಇದ್ದವರು ಕೊಟ್ಟರು. ಮದುವೆಗೆ ಸುತ್ತಿದ ಜರಿ ರುಮಾಲಿನಲ್ಲಿ ಅಪ್ಪ ತಕ್ಕಡಿಯ ಮುಂದೆ ಕುಳಿತಿದ್ದರು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. ತಂದೆಯನ್ನು ಮಗಳು ಹಾಗೆ ನೋಡಬಾರದು.

ಇನ್ನು ಎಲ್ಲವೂ ಸರಿಹೋಯಿತೆಂದು ನಾನು ತಿಳಿದೆ. ಅವ್ವನೂ ಹಾಗೇ ತಿಳಿದು ಹಂದರಕ್ಕೆ ಇಳಿದು ಬಂದು, "ನೀಲವ್ವಾ, ಆತಲ್ಲಬೇ. ಈಗರೆ ಉಂಡ ಹೋಗ್ರಿ ಎಲ್ಲಾರೂ" ಎಂದು ಸೆರಗೊಡ್ಡಿದಳು. ನೂಲನ್ನು ಕಂಕುಳಲ್ಲಿ ಅವಚಿಕೊಂಡಿದ್ದ ನೀಲವ್ವ ನಿಂತಳು.

"ನೂಲು ನಮ್ಮ ಹಕ್ಕಿಂದ ಐತಿ ಅಕ್ಕಾರ, ಒಯ್ತೀವಿ. ಊಟ ಅಂದ್ರ ಪ್ರೀತಿ. ನಮ್ಮ ಮಕ್ಕಳು ಗಂಜಿ ಕುಡದ ಮಲಗಿದಾಗ ಆ ಪ್ರೀತಿ ಎಲ್ಲಿತ್ತರೀ? ನಿಮ್ಮ ಮ್ಯಾಲ ಸಿಟ್ಟಿಲ್ಲ. ತುತ್ತು ಗಂಟಲದಾಗ ಇಳ್ಯಾಂಗಿಲ್ಲ, ಅಷ್ಟ."

ಹಸಿದವರು ಹುಗ್ಗಿಯ ಕೊಪ್ಪರಿಗೆಗಳ ಪಕ್ಕದಲ್ಲೇ ಹಾದು ಮನೆಗೆ ಹೋದರು. ಗಂಡಿನ ಕಡೆಯವರೂ ಉಣ್ಣಲಿಲ್ಲ. ಅವ್ವ ಉಣ್ಣಲಿಲ್ಲ. ನನ್ನ ಎದುರಿಗೂ ಒಂದು ಎಲೆ ಇತ್ತು, ನಾನು ಅದರ ಅಂಚನ್ನು ಹರಿಯುತ್ತ ಕುಳಿತಿದ್ದೆ. ಆಮೇಲೆ ಆ ಹುಗ್ಗಿಯನ್ನು ದನಗಳಿಗೆ ಸುರಿದರೆಂದು ಕೇಳಿದೆ. ಗಂಡಿನವರ ಮುಂದೆ ಆದ ನಾಚಿಕೆ ಒಂದು ತರಹದ್ದು. ಅದು ಒಂದೆರಡು ವರ್ಷಕ್ಕೆ ಆರಿಹೋಗುತ್ತದೆ. ಅನ್ನವನ್ನು ಹಸಿದವರೂ ಬೇಡವೆಂದು ಬಿಟ್ಟುಹೋದ ಮನೆಯ ಮಗಳು ನಾನು ಎಂಬ ನಾಚಿಕೆ ಬೇರೆ. ಅದು ಆರಲಿಲ್ಲ.

ಹೊತ್ತು ಇಳಿಯುವ ಮುಂಚೆ ನನ್ನ ಚಕ್ಕಡಿ ನೇಕಾರರ ಓಣಿಯ ಮೂಲಕವೇ ಹೊರಟಿತು, ಬೇರೆ ದಾರಿ ಇರಲಿಲ್ಲ. ಮನೆಮನೆಯ ಅಂಗಳದಲ್ಲಿ ನೂಲು ಬಿಚ್ಚಿ ಗಂಜಿಗೆ ಹಾಕುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ. ನೀಲವ್ವನ ಮನೆಯ ಮುಂದೆ ಗಾಡಿ ನಿಂತಿತು, ಅವಳೇ ಅಡ್ಡ ಬಂದು ನಿಲ್ಲಿಸಿದ್ದಳು. ಕೈಯಲ್ಲಿ ಒಂದು ಮೊರ. "ಸೆರಗ ಒಡ್ಡ ತಂಗಿ" ಎಂದಳು. ಉಡಿ ತುಂಬಲು ಅಕ್ಕಿ ಇಲ್ಲ, ಕೊಬ್ಬರಿ ಇಲ್ಲ. ಜೋಳ ಮತ್ತು ಒಂದು ಬೆಲ್ಲದ ಚೂರು. ತಾನೇ ನೇಯ್ದ ಸೆರಗಿಗೆ ಅವಳು ಜೋಳ ಸುರಿದಳು.

"ನಿಮಗ ಬೇಕಲ್ಲ ನೀಲವ್ವಾ, ಬ್ಯಾಡ" ಎಂದೆ.

"ಬ್ಯಾಡ ಅನಬಾರದು. ಹೆಣ್ಣುಮಗಳು ಬರೇ ಉಡೀಲೆ ಊರು ದಾಟಬಾರದು" ಎಂದು ನನ್ನ ಕೆನ್ನೆ ಸವರಿದಳು. ಗಂಜಿಯಿಂದ ಒದ್ದೆಯಾಗಿದ್ದ ಕೈ ಅದು.

ಮುಧೋಳದಲ್ಲಿ ಅತ್ತೆ ಆ ಜೋಳವನ್ನು ಬೀಸಿ ರೊಟ್ಟಿ ತಟ್ಟಿಕೊಟ್ಟರು. ಎಲ್ಲರೂ ತುಣುಕು ಮುರಿದು ತಿಂದೆವು. ನನ್ನ ಮದುವೆಯ ಊಟ ಅದು.

ಮುಂದೆ ನೇಕಾರರು ತಮ್ಮದೇ ಸೊಸೈಟಿ ಮಾಡಿಕೊಂಡರು, ನೂಲು ನೇರವಾಗಿ ಅವರಿಗೇ ಬರತೊಡಗಿತು. ಅಪ್ಪ ಕಿರಾಣಿ ಅಂಗಡಿ ಇಟ್ಟರು. ಅವ್ವನ ಜೊತೆ ಮಾತು ಬಿಡಲಿಲ್ಲ, ಕಡಿಮೆ ಮಾಡಿದರು. ಆ ದಿನದ ಮಾತನ್ನು ಮಾತ್ರ ಅವರು ಸಾಯುವ ತನಕ ಮನೆಯಲ್ಲಿ ಯಾರೂ ಎತ್ತಲಿಲ್ಲ. ಯಾರೂ ಎತ್ತದ ಮಾತು ಎಷ್ಟು ವರ್ಷ ಸುಮ್ಮನೆ ಬಿದ್ದಿರುತ್ತದೆ? ಅದು ನಿಧಾನವಾಗಿ ಬೇರೆ ವೇಷ ಹಾಕಿಕೊಳ್ಳುತ್ತದೆ. ನನ್ನ ಮದುವೆಯಲ್ಲಿ ತೊಟ್ಟಿಲಲ್ಲಿದ್ದ ತಮ್ಮ ಬೆಳೆದು, ದೊಡ್ಡವನಾಗಿ, ಬಂದವರ ಮುಂದೆಲ್ಲ ಹೇಳತೊಡಗಿದ, "ನಮ್ಮಕ್ಕನ ಮದವ್ಯಾಗ ಅಪ್ಪ ಇಡೀ ಬನಹಟ್ಟಿಗೆ ಹುಗ್ಗಿ ಊಟ ಹಾಕಿಸಿದ್ದ." ಅವನಿಗೆ ಯಾರು ಹಾಗೆ ಹೇಳಿದರೋ ಗೊತ್ತಿಲ್ಲ. ನಾನು ಪ್ರತಿ ಸಲವೂ ಪಕ್ಕದಲ್ಲಿ ಕುಳಿತು ಮುಗುಳ್ನಗುತ್ತಿದ್ದೆ.

ಸೀರೆ ನೋಡಿ ಬಂದ ಮಾರನೆಯ ದಿನ ನನ್ನ ತಮ್ಮ ತನ್ನ ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದ. ಅವನ ಮೊಮ್ಮಗಳ ಮದುವೆಯ ಮಾತು ನಡೆದಿತ್ತು. ಊಟಕ್ಕೆ ಎಷ್ಟು ಜನ, ಯಾವ ಅಡುಗೆ ಎಂದು ಲೆಕ್ಕ ಹಾಕುತ್ತ ಅವನು ಮತ್ತೆ ಅದೇ ಹಳೆಯ ಕತೆ ತೆಗೆದ. "ಇಡೀ ಊರಿಗೆ ಹಾಕಿದ್ದ ನಮ್ಮಪ್ಪ. ಕೇಳ್ರಿ ಬೇಕಾದ್ರ, ಅಕ್ಕ ಇಲ್ಲೇ ಅದಾಳ."

"ಹಾಕಿದ್ದು ಖರೆ" ಎಂದೆ. "ಯಾರೂ ಉಣ್ಣಲಿಲ್ಲ."

ತಮ್ಮ ನಕ್ಕ, ನಾನು ಚೇಷ್ಟೆ ಮಾಡುತ್ತಿದ್ದೇನೆಂದು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಮದುವೆಯಾಗಬೇಕಾದ ಹುಡುಗಿ ಹತ್ತಿರ ಸರಿದು, "ಯಾಕ ಉಣ್ಣಲಿಲ್ಲ, ಆಯಿ?" ಎಂದಳು. ಅಪ್ಪನ ಹೆಸರಿನಿಂದಲೇ ಶುರುಮಾಡಿದೆ. ತಮ್ಮ ಎದ್ದು ಹೋಗುತ್ತಾನೆ ಅಂದುಕೊಂಡಿದ್ದೆ. ಹೋಗಲಿಲ್ಲ. ತಲೆ ತಗ್ಗಿಸಿಕೊಂಡು ಕೊನೆಯ ತನಕ ಕುಳಿತೇ ಇದ್ದ.